ಕರಿ ಟೋಪಿಯ ನೆಂಟ

ಹೋಟೆಲಿನ ಲಿಫ್ಟ್ ಬಾಗಿಲು ತೆರೆದರೆ ಒಳಗೆ ಸಾಕ್ಷಾತ್ ಮೃತ್ಯು ನಿಂತಿರುತ್ತಾನೆ. ಕರಿ ನಿಲುವಂಗಿ, ತಲೆಬುರುಡೆಯ ಮುಖವಾಡ, ಕೈಯಲ್ಲಿ ಉದ್ದ ಹಿಡಿಯ ಕುಡುಗೋಲು. ಅವನ ಪಕ್ಕ ಚೂಪು ಟೋಪಿಯ ಮಾಟಗಾತಿಯರು, ಮೂಲೆಯಲ್ಲಿ ಒರಾಂಗುಟಾನ್ ವೇಷ ತೊಟ್ಟು ಬೆವರುತ್ತಿರುವ ಒಬ್ಬ ಲೈಬ್ರೇರಿಯನ್. ಮೃತ್ಯು ಸ್ವಲ್ಪ ಸರಿದು ಜಾಗ ಬಿಡುತ್ತಾನೆ. ಬೇರೇನೋ ಕೆಲಸಕ್ಕೆ ಬಂದು ಅದೇ ಹೋಟೆಲಿನಲ್ಲಿ ಇಳಿದುಕೊಂಡವರ ಪಾಡು ಏನಾಗಿರಬೇಕು! ಇಂಗ್ಲೆಂಡಿನಲ್ಲಿ ಎರಡು ವರ್ಷಕ್ಕೊಮ್ಮೆ ಸೇರುವ ಡಿಸ್ಕ್‌ವರ್ಲ್ಡ್ ಸಮಾವೇಶದಲ್ಲಿ ಮಾತ್ರ ಇದು ಮಾಮೂಲು.

ಈ ಪಾತ್ರಗಳನ್ನೆಲ್ಲ ಹುಟ್ಟಿಸಿದವರು ಟೆರ್ರಿ ಪ್ರ್ಯಾಚೆಟ್. 1983ರಲ್ಲಿ ಬಂದ 'ದಿ ಕಲರ್ ಆಫ್ ಮ್ಯಾಜಿಕ್'ನಿಂದ ಹಿಡಿದು ಅವರು ತೀರಿಕೊಂಡ ಮೇಲೆ 2015ರಲ್ಲಿ ಹೊರಬಂದ ಕೊನೆಯ ಪುಸ್ತಕದವರೆಗೆ ಒಟ್ಟು 41 ಡಿಸ್ಕ್‌ವರ್ಲ್ಡ್ ಕಾದಂಬರಿಗಳು. ಅವು ನಡೆಯುವ ಲೋಕ ತಟ್ಟೆಯಂತೆ ಚಪ್ಪಟೆ. ಅದನ್ನು ಹೊತ್ತಿರುವುದು ನಾಲ್ಕು ಆನೆ, ಆನೆಗಳು ನಿಂತಿರುವುದು ಒಂದು ಮಹಾ ಆಮೆಯ ಬೆನ್ನ ಮೇಲೆ. ಆದಿಕೂರ್ಮ, ಅಷ್ಟದಿಗ್ಗಜಗಳ ಕಥೆ ಕೇಳಿ ಬೆಳೆದವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಆನೆಗಳ ಲೆಕ್ಕ ಅರ್ಧಕ್ಕಿಳಿದಿದೆ, ಅಷ್ಟೆ. ಹಿಂದೆ ಐದನೆಯದೂ ಒಂದಿತ್ತಂತೆ, ಜಾರಿ ಬಿತ್ತಂತೆ. ಅದರ ಹೆಸರಿನಲ್ಲೂ ಒಂದು ಕಾದಂಬರಿಯಿದೆ.

ಪ್ರ್ಯಾಚೆಟ್ ಇಂಥ ಕೂಟಗಳಿಗೆ ಮೊದಲು ಬಂದದ್ದು ಲೇಖಕನಾಗಿ ಅಲ್ಲ, ಅಭಿಮಾನಿಯಾಗಿ. 1964ರ ಈಸ್ಟರ್ ರಜೆಯಲ್ಲಿ ಪೀಟರ್‌ಬರೋದಲ್ಲಿ ನಡೆದ ವಿಜ್ಞಾನ ಕಥಾಪ್ರಿಯರ ಸಮಾವೇಶಕ್ಕೆ ಹೋದಾಗ ಹುಡುಗನಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಅಷ್ಟರಲ್ಲೇ ಶಾಲೆಯಲ್ಲಿ ಬರೆದ ಒಂದು ಕಥೆ 'ಸೈನ್ಸ್ ಫ್ಯಾಂಟಸಿ' ಪತ್ರಿಕೆಯಲ್ಲಿ ಅಚ್ಚಾಗಿತ್ತು. ಮರುವರ್ಷ ಲಂಡನ್ನಿನಲ್ಲಿ ವಿಶ್ವ ಸಮಾವೇಶ ನಡೆದಾಗ ಅಲ್ಲಿಗೂ ಹಾಜರಾದ. ವಿಜ್ಞಾನ ಕಥೆಗಾರ ಬ್ರಯಾನ್ ಆಲ್ಡಿಸ್ ಗೌರವ ಅತಿಥಿಯಾಗಿದ್ದ ಆ ಕೂಟದಲ್ಲಿ ಈತನದು ನೋಡುವವರ ಸಾಲು. ಆಮೇಲೆ ಶಾಲೆ ಬಿಟ್ಟು 'ಬಕ್ಸ್ ಫ್ರೀ ಪ್ರೆಸ್' ಎಂಬ ಸ್ಥಳೀಯ ಪತ್ರಿಕೆ ಸೇರಿದ್ದು, ಅಲ್ಲಿಂದ ಮುಂದೆ ಅಣು ವಿದ್ಯುತ್ ಸ್ಥಾವರಗಳ ಪರವಾಗಿ ಪತ್ರಿಕೆಗಳಿಗೆ ಉತ್ತರ ಹೇಳುವ ನೌಕರಿ ಹಿಡಿದದ್ದು, 1987ರಲ್ಲಿ ಅದನ್ನೂ ಬಿಟ್ಟು ಪೂರ್ತಿ ಬರವಣಿಗೆಗೆ ಕೂತದ್ದು ಬೇರೆಯದೇ ಕಥೆ.

1996ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವರ ಪುಸ್ತಕಗಳಿಗಾಗಿಯೇ ಮೊದಲ ಸಮಾವೇಶ ಸೇರಿತು. ಕರೆದವರೂ ಓದುಗರು, ಕುರ್ಚಿ ಹೊಂದಿಸಿದವರೂ ಓದುಗರು. ನಮ್ಮ ಸಾಹಿತ್ಯ ಸಮ್ಮೇಳನದಲ್ಲಾದರೆ ಅಧ್ಯಕ್ಷರು ಮೆರವಣಿಗೆಯಲ್ಲಿ ಬಂದು, ಶಾಲು ಹೊದ್ದು, ಅಚ್ಚಾದ ಭಾಷಣ ಓದುತ್ತಾರೆ. ಅವರೊಡನೆ ಕೂತು ಹರಟುವ ಪುಣ್ಯ ಎಲ್ಲರಿಗೂ ಸಿಗುವುದಿಲ್ಲ. ಇಲ್ಲಿ ಲೇಖಕ ಮೂಲೆಯ ಬಾರಿನಲ್ಲೇ ಸಿಕ್ಕಿಬಿಡಬಹುದಿತ್ತು. ಕರಿ ಬಟ್ಟೆ, ಬಿಳಿ ಗಡ್ಡ, ಅಗಲ ಅಂಚಿನ ಕರಿ ಟೋಪಿ. ಸುತ್ತ ಎಷ್ಟು ಜನ ಮಾಂತ್ರಿಕರ ವೇಷದಲ್ಲಿದ್ದರೂ ಆ ಟೋಪಿ ಯಾರದೆಂದು ದೂರದಿಂದಲೇ ತಿಳಿಯುತ್ತಿತ್ತು. ಅದನ್ನು ತೆಗೆದಿಟ್ಟರೆ ಅವರೂ ಊರಿನ ಯಾರೋ ಒಬ್ಬ ಬೋಳುತಲೆಯ ಹಿರಿಯರು.

ಭಾಷಣಕ್ಕಿಂತ ಹಸ್ತಾಕ್ಷರದ್ದೇ ದೊಡ್ಡ ಕೆಲಸ. ಸಾಲು ಕಾರಿಡಾರು ದಾಟಿ ಹೋಗುತ್ತಿತ್ತು. ಕೆಲವರು ಚೀಲದ ತುಂಬ ಪುಸ್ತಕ ಹೊತ್ತು ತರುತ್ತಿದ್ದರು. ಪ್ರ್ಯಾಚೆಟ್ ಸಹಿ ಹಾಕಿದ ಪ್ರತಿಗಿಂತ ಹಾಕದ ಪ್ರತಿಗೇ ಬೆಲೆ ಜಾಸ್ತಿ, ಯಾಕೆಂದರೆ ಸಿಗುವುದು ಅಪರೂಪ ಎಂಬ ತಮಾಷೆಯೇ ಹುಟ್ಟಿಕೊಂಡಿತ್ತು. ಬರೆಯುತ್ತಿರುವ ಕಾದಂಬರಿಯ ಹಸಿ ಪುಟಗಳನ್ನು ಅವರು ಓದಿ ತೋರಿಸುವುದೂ ಇತ್ತು. ಸಂಜೆ ವೇಷಸ್ಪರ್ಧೆ, ಹರಾಜು. ಹರಾಜಿನ ಹಣ ಒರಾಂಗುಟಾನ್ ರಕ್ಷಣೆಗೆ, ಇಲ್ಲವೇ ಬೇರೊಂದು ಒಳ್ಳೆಯ ಕೆಲಸಕ್ಕೆ. ಪ್ರ್ಯಾಚೆಟ್ಟರ ಮಾಯಾ ವಿಶ್ವವಿದ್ಯಾಲಯದ ಗ್ರಂಥಪಾಲಕ ಮಂತ್ರವೊಂದು ಸಿಡಿದು ಒರಾಂಗುಟಾನ್ ಆದವನು. ಎತ್ತರದ ಕಪಾಟು ಹತ್ತಲು ಉದ್ದ ಕೈಗಳೇ ಅನುಕೂಲವೆಂದು ಮತ್ತೆ ಮನುಷ್ಯನಾಗಲು ಒಪ್ಪದವನು. ಕಾಗದದ ಮೇಲಿನ ಈ ಗೆಳೆಯನ ನೆಂಟರನ್ನು ಹುಡುಕಿಕೊಂಡು ಲೇಖಕರು ಬೋರ್ನಿಯೋದ ಕಾಡಿಗೂ ಹೋಗಿ ಸಾಕ್ಷ್ಯಚಿತ್ರ ಮಾಡಿದರು. ಕಾದಂಬರಿಯಲ್ಲಿ ತನ್ನ ಹೆಸರು ಬರಲಿ ಎಂದು ದಾನದ ಹರಾಜಿನಲ್ಲಿ ಕೂಗಿ ಗೆದ್ದವರೂ ಉಂಟು: 'ನೈಟ್ ವಾಚ್'ನ ವೈದ್ಯನಿಗೆ ಹೆಸರು ಬಂದದ್ದು ಹಾಗೆ.

ದೊಡ್ಡ ವೇದಿಕೆಯ ಮಾನವೂ ಬಂತು. 2004ರಲ್ಲಿ ಬಾಸ್ಟನ್ನಿನ ವಿಶ್ವ ಸಮಾವೇಶಕ್ಕೆ ಅವರೇ ಗೌರವ ಅತಿಥಿ. ಮರುವರ್ಷ ಅದೇ ಸಮಾವೇಶ ಗ್ಲಾಸ್ಗೋದಲ್ಲಿ; ಅವರ ಕಾದಂಬರಿ 'ಗೋಯಿಂಗ್ ಪೋಸ್ಟಲ್' ಅಲ್ಲಿ ಕೊಡುವ ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬರುವಷ್ಟು ಮತ ಪಡೆದಿತ್ತು. ಪ್ರ್ಯಾಚೆಟ್ ಬೇಡವೆಂದರು. ಬರುತ್ತದೋ ಇಲ್ಲವೋ ಎಂಬ ಚಡಪಡಿಕೆಯಲ್ಲಿ ಸಮಾವೇಶದ ಸಂತೋಷವೇ ಕೆಟ್ಟುಹೋಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಪ್ರಶಸ್ತಿ ಬೇಡವೆಂದವರು ಬೇಕಾದಷ್ಟು ಜನ, ಸಿದ್ಧಾಂತದ ಹೆಸರು ಹೇಳಿ. ಜಾತ್ರೆ ನೋಡುವುದು ತಪ್ಪೀತು ಎಂದು ಬಿಟ್ಟುಕೊಟ್ಟವರು ಇವರೊಬ್ಬರೇ ಇರಬೇಕು. ಪೀಟರ್‌ಬರೋದ ಹುಡುಗ ಇನ್ನೂ ಒಳಗಿದ್ದ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

2007ರ ಡಿಸೆಂಬರಿನಲ್ಲಿ, ಅಪರೂಪದ ಬಗೆಯ ಆಲ್‌ಝೈಮರ್ಸ್ ತಮಗಿದೆಯೆಂದು ಪ್ರ್ಯಾಚೆಟ್ ತಾವೇ ಹೊರಗೆಡವಿದರು. ಇದು ಮೊದಲು ಕೈಹಾಕುವುದು ಕಣ್ಣು ಕಂಡದ್ದನ್ನು ಗುರುತಿಸುವ ಮೆದುಳಿನ ಭಾಗಕ್ಕೆ. ಮಾತಿಗೆ, ಬುದ್ಧಿಗೆ ಕೊರತೆಯಿಲ್ಲ, ಎದುರಿನ ಅಕ್ಷರ ಮಾತ್ರ ಕೈಗೆ ಸಿಗುವುದಿಲ್ಲ. ಕೀಲಿಮಣೆ ಬಿಟ್ಟು ಬಾಯಲ್ಲಿ ಹೇಳಿ ಬರೆಸತೊಡಗಿದರು. ಆದರೂ ಸಮಾವೇಶಗಳನ್ನು ಬಿಡಲಿಲ್ಲ. ಸಹಾಯಕ ರಾಬ್ ವಿಲ್ಕಿನ್ಸ್ ಪಕ್ಕದಲ್ಲಿ ಕೂತು ಪ್ರಶ್ನೆ ಎತ್ತಿಕೊಡುವುದು, ಬೇಕಾದಲ್ಲಿ ಓದುವುದು. ಇವರು ಕಾಲೆಳೆಯುತ್ತ ಉತ್ತರಿಸುವುದು. ಹೀಗೆ ಒಬ್ಬರ ವೇದಿಕೆ ಇಬ್ಬರದಾಯಿತು. 2009ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಅಲ್ಲಿನವರ ಮೊದಲ ಡಿಸ್ಕ್‌ವರ್ಲ್ಡ್ ಸಮಾವೇಶ ಸೇರಿದಾಗಲೂ ಟೋಪಿ ಹಾಜರಿತ್ತು.

2014ರಲ್ಲಿ ಕೂಟ ಮತ್ತೆ ಮ್ಯಾಂಚೆಸ್ಟರಿಗೆ ಬಂತು. ಬರಲಾಗುವುದಿಲ್ಲ, ಕಾಯಿಲೆ ಕೊನೆಗೂ ಬೆನ್ನುಹತ್ತಿ ಹಿಡಿಯುತ್ತಿದೆ ಎಂದು ಪ್ರ್ಯಾಚೆಟ್ ಮೊದಲೇ ತಿಳಿಸಿದ್ದರು. ಆದರೂ ಸಮಾವೇಶ ನಡೆಯಿತು. 2015ರ ಮಾರ್ಚ್ 12ರಂದು, 66ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. 2016ರಲ್ಲಿ ಓದುಗರು ಮತ್ತೆ ಸೇರಿದರು, ಆಮೇಲೂ ಸೇರುತ್ತ ಬಂದಿದ್ದಾರೆ. ಅತಿಥಿ ಬಾರದಿದ್ದರೂ ಆತಿಥೇಯರಿಗೆ ಕೆಲಸವಿತ್ತು. ಆ ಲೋಕವನ್ನು ಅವರು ಪ್ರ್ಯಾಚೆಟ್ ಇರುವಾಗಲೇ ಎಷ್ಟು ಮಟ್ಟಿಗೆ ತಮ್ಮದಾಗಿ ಮಾಡಿಕೊಂಡಿದ್ದರೆಂದರೆ, ಸಾಮರ್‌ಸೆಟ್ಟಿನ ವಿನ್‌ಕ್ಯಾಂಟನ್ ಎಂಬ ಪುಟ್ಟ ಊರು 2002ರಲ್ಲಿ ಕಾದಂಬರಿಯ ಆಂಕ್-ಮೋರ್‌ಪೋರ್ಕ್ ನಗರದೊಂದಿಗೆ ಅಧಿಕೃತವಾಗಿ ಅವಳಿ ಊರಿನ ನಂಟು ಬೆಳೆಸಿತ್ತು. ಅಲ್ಲಿನ ಹೊಸ ಬಡಾವಣೆಯ ಬೀದಿಗಳಿಗೂ ಪುಸ್ತಕದಿಂದಲೇ ಹೆಸರು ತಂದರು: ಪೀಚ್ ಪೈ ಸ್ಟ್ರೀಟ್, ಟ್ರೀಕಲ್ ಮೈನ್ ರೋಡ್. ಅಲ್ಲಿ ಮನೆ ಮಾಡಿಕೊಂಡವರು ಪ್ರ್ಯಾಚೆಟ್ಟರನ್ನು ಒಂದು ಸಾಲೂ ಓದಿರಬೇಕಿಲ್ಲ. ಕರೆಂಟ್ ಬಿಲ್ಲು ಬರುವುದು ಮಾತ್ರ ಆ ವಿಳಾಸಕ್ಕೇ.