ಶನಿವಾರ ರಾತ್ರಿ ಕುರುಕ್ಷೇತ್ರ

"ನಿಮ್ದು ಚಿಕ್ಕಮಗಳೂರಾ? ಹಾಗಾದ್ರೆ ಕಾಫಿ ಎಸ್ಟೇಟ್ ಇರ್ಬೇಕಲ್ಲ?"

ಆಫೀಸಿಗೆ ಯಾರು ಹೊಸದಾಗಿ ಸೇರಿದರೂ ಊರು ಯಾವುದು ಅಂತ ಕೇಳಿದ ಮೇಲೆ ಬರುವ ಎರಡನೇ ಪ್ರಶ್ನೆ ಇದೇ. ಎಸ್ಟೇಟ್ ಇಲ್ಲ, ನಮ್ಮದು ಕಡೂರು ಕಡೆ, ತೆಂಗು, ರಾಗಿ, ಈರುಳ್ಳಿ, ಮಳೆ ಬಂದರೆ ಬಂತು ಅಂದರೆ ಅವರ ಮುಖ ಸಪ್ಪಗಾಗುತ್ತೆ. ಜಿಲ್ಲೆಯ ಹೆಸರು ಕೇಳಿದರೆ ಎಲ್ಲರ ತಲೆಗೂ ಮುಳ್ಳಯ್ಯನಗಿರಿ ಬರುತ್ತೆ, ಮಂಜು ಬರುತ್ತೆ, ಹೋಂ ಸ್ಟೇ ಬರುತ್ತೆ. 1947ರವರೆಗೂ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಅಂತಲೇ ಹೆಸರಿತ್ತು ಎಂದು ಹೇಳಿದರೆ ಯಾರೂ ನಂಬೋದಿಲ್ಲ. ಈಗ ನಮ್ಮ ಕಡೂರು ಟೂರಿಸ್ಟುಗಳು ಬಸ್ಸು ನಿಲ್ಲಿಸಿ ಟೀ ಕುಡಿಯುವ ಜಾಗ, ಅಷ್ಟೇ.

ಮೂರನೇ ಪ್ರಶ್ನೆ ಇನ್ನೂ ಕಷ್ಟದ್ದು. "ಮತ್ತೆ ವೀಕೆಂಡ್ ಊರಿಗೆ ಹೋಗಿ ಏನ್ ಮಾಡ್ತೀರಾ? ಅಲ್ಲಿ ಎಂಟರ್‌ಟೇನ್‌ಮೆಂಟ್ ಏನಿದೆ?"

ಕಳೆದ ಬೇಸಿಗೆಯಲ್ಲಿ ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಕೇಳಿ ನಮ್ಮ ಟೀಂ ಲೀಡ್ ಎರಡು ನಿಮಿಷ ನಕ್ಕರು. "ಈ ಶನಿವಾರ ನಾನು ಅಭಿಮನ್ಯು. ಬೆಳಗಿನ ಜಾವ ಮೂರು ಗಂಟೆಗೆ ಸಾಯ್ತೀನಿ. ಸೋಮವಾರ ಸ್ವಲ್ಪ ಲೇಟಾಗಿ ಲಾಗಿನ್ ಆಗ್ತೀನಿ" ಅಂದಿದ್ದೆ.

ನಮ್ಮೂರು ಇರುವುದು ಕಡೂರು ಮತ್ತು ಅಜ್ಜಂಪುರದ ನಡುವೆ ಎಲ್ಲೋ ಒಂದು ಕಡೆ. ಬೆಂಗಳೂರಿಂದ ರೈಲು ಹತ್ತಿದರೆ ಅರಸೀಕೆರೆ ದಾಟಿ ಕಡೂರು, ಆಮೇಲೆ ಬೀರೂರು. ಬೀರೂರಲ್ಲಿ ಹಳಿ ಎರಡಾಗುತ್ತೆ. ಒಂದು ತರೀಕೆರೆ, ಭದ್ರಾವತಿ ಮೇಲೆ ಶಿವಮೊಗ್ಗಕ್ಕೆ ಹೋದರೆ, ಇನ್ನೊಂದು ಅಜ್ಜಂಪುರ, ಶಿವನಿ ಮೇಲೆ ದಾವಣಗೆರೆ ಕಡೆಗೆ ಹೋಗುತ್ತೆ. ಹಳಿಯ ಜೊತೆ ಮಣ್ಣೂ ಬದಲಾಗುತ್ತೆ. ತರೀಕೆರೆ ಕಡೆ ಅಡಿಕೆ ತೋಟದ ಹಸಿರು, ಮಲೆನಾಡಿನ ಬಾಗಿಲು. ಅಜ್ಜಂಪುರದ ಕಡೆ ಎರೆಭೂಮಿ, ಈರುಳ್ಳಿ, ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರ. ಮೊದಲು ತರೀಕೆರೆ ತಾಲ್ಲೂಕಿಗೇ ಸೇರಿದ್ದ ಅಜ್ಜಂಪುರ ಕೆಲವು ವರ್ಷಗಳ ಹಿಂದಷ್ಟೇ ಬೇರೆ ತಾಲ್ಲೂಕಾಯಿತು. 'ಆನಂದ' ಅನ್ನುವ ಹೆಸರಲ್ಲಿ ಕತೆ ಬರೆದ ಅಜ್ಜಂಪುರ ಸೀತಾರಾಂ ಅವರ ಊರು ಇದೇ. 'ನಾನು ಕೊಂದ ಹುಡುಗಿ' ಓದದವರು ಓದಿ.

ಇನ್ನು ಎಂಟರ್‌ಟೇನ್‌ಮೆಂಟ್ ವಿಷಯ. ನಮ್ಮಲ್ಲಿ ಮಾಲ್ ಇಲ್ಲ, ಮಲ್ಟಿಪ್ಲೆಕ್ಸ್ ಇಲ್ಲ. ಆದರೆ ಕ್ಯಾಲೆಂಡರ್ ಖಾಲಿ ಇರಲ್ಲ. ಫೆಬ್ರವರಿ ಹೊತ್ತಿಗೆ ಅಂತರಘಟ್ಟೆ ದುರ್ಗಾಂಬಾ ಜಾತ್ರೆ ಬರುತ್ತೆ. ಸುತ್ತಮುತ್ತಲ ಊರುಗಳಿಂದ ಪಾನಕದ ಬಂಡಿಗಳು ಹೊರಡುತ್ತವೆ. ಎತ್ತಿಗೆ ಸಿಂಗಾರ, ಹುಡುಗರ ಕೇಕೆ, ಧೂಳು. ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷ ಆಯಿತು, ಆದರೂ ಈ ಒಂದು ಜಾತ್ರೆಗಾಗಿಯೇ ಎತ್ತು ಸಾಕಿರುವ ಮನೆಗಳು ನನಗೆ ಗೊತ್ತು. ಶ್ರಾವಣದಲ್ಲಿ ವೀರಗಾಸೆ. ಸಂಬಾಳ, ಕರಡೆಯ ಸದ್ದು ಕೇಳಿದರೆ ಇವತ್ತಿಗೂ ನನ್ನ ಎದೆ ಸ್ವಲ್ಪ ಜೋರಾಗಿ ಹೊಡೆದುಕೊಳ್ಳುತ್ತೆ. ಕುಣಿಯುವವರು ಕತ್ತಿ ಹಿಡಿದು ನಿಂತು ಒಡಪು ಹೇಳುವಾಗ ಚಿಕ್ಕಂದಿನಲ್ಲಿ ಅಮ್ಮನ ಸೆರಗಿನ ಹಿಂದೆ ಅಡಗುತ್ತಿದ್ದೆ. ದಸರಾ ಬಂತೆಂದರೆ ಬೀರೂರಿನಲ್ಲಿ ಮೈಲಾರಲಿಂಗಸ್ವಾಮಿ ಕಾರ್ಣಿಕ. ನುಡಿಯುವುದು ಒಂದೋ ಎರಡೋ ಸಾಲು. ಮಳೆಯ ಬಗ್ಗೆಯೋ, ರಾಜಕೀಯದ ಬಗ್ಗೆಯೋ ಅಂತ ಅದಕ್ಕೆ ಅರ್ಥ ಹಚ್ಚುವ ಕೆಲಸ ಟೀ ಅಂಗಡಿಗಳಲ್ಲಿ ಒಂದು ತಿಂಗಳು ನಡೆಯುತ್ತೆ. ಯಾವ ಟಿವಿ ಡಿಬೇಟೂ ಅದರ ಮುಂದೆ ನಿಲ್ಲಲ್ಲ.

ಹಾಡಿನ ವಿಷಯಕ್ಕೆ ಬಂದರೆ, ಮಾಯದಂಥ ಮಳೆಯ ಜನಪದ ಗೀತೆ ಯಾರಿಗೆ ಗೊತ್ತಿಲ್ಲ? ಆ ಮದಗದ ಕೆರೆ ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ ಹತ್ತಿರದ್ದು ಅಂತ ನಾವು ಹೇಳ್ತೀವಿ. ಹಾವೇರಿ ಕಡೆಯ ಮಾಸೂರಿನವರು ಅದು ತಮ್ಮ ಕೆರೆ ಅಂತಾರೆ. ಈ ಜಗಳದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ಕೆರೆ ತುಂಬಿದ ವರ್ಷ ಹೋಗಿ ಏರಿಯ ಮೇಲೆ ನಿಂತು ನೋಡಿ, ಆಮೇಲೆ ಮಾತಾಡೋಣ.

ಇವೆಲ್ಲ ಸರಿ. ಆದರೆ ನಮ್ಮ ಕಡೆಯ ನಿಜವಾದ ಹುಚ್ಚು ಅಂದರೆ ಪೌರಾಣಿಕ ನಾಟಕ. ತಿಪಟೂರು, ಅರಸೀಕೆರೆಯ ಕಡೆಯಿಂದ 'ಕುರುಕ್ಷೇತ್ರ'ದ ಗಾಳಿ, ದಾವಣಗೆರೆ ಕಡೆಯಿಂದ ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'ಯ ಗಾಳಿ, ಎರಡೂ ಬೀಸುವ ಜಾಗ ನಮ್ಮದು. ನಮ್ಮೂರಿನವರು ಕುರುಕ್ಷೇತ್ರದವರು.

ಗೊತ್ತಿಲ್ಲದವರಿಗೆ ಹೇಳ್ತೀನಿ, ಇದರ ಲೆಕ್ಕಾಚಾರವೇ ಬೇರೆ. ಬೇರೆ ಕಡೆ ನಟರಿಗೆ ದುಡ್ಡು ಕೊಡ್ತಾರೆ, ಇಲ್ಲಿ ನಟರೇ ದುಡ್ಡು ಕೊಡಬೇಕು. ಪಾತ್ರಕ್ಕೊಂದು ರೇಟು. ಕೃಷ್ಣ, ದುರ್ಯೋಧನ ದುಬಾರಿ. ಹಾಡು ಜಾಸ್ತಿ, ಕಿರೀಟ ದೊಡ್ಡದು. ಭೀಮ, ಕರ್ಣ, ಅರ್ಜುನ ಆಮೇಲೆ. ನಕುಲ, ಸಹದೇವರಾದರೆ ಸ್ವಲ್ಪದರಲ್ಲಿ ಮುಗಿಯುತ್ತೆ. ಹೀಗೆ ಸೇರಿದ ದುಡ್ಡಲ್ಲಿ ಸೀನರಿ, ಲೈಟು, ಮೈಕು, ಡ್ರೆಸ್ಸು, ಮೇಕಪ್ಪು, ದ್ರೌಪದಿ, ಉತ್ತರೆ ಪಾತ್ರಕ್ಕೆ ಹೊರಗಿಂದ ಬರುವ ಕಲಾವಿದೆಯರ ಸಂಭಾವನೆ ಎಲ್ಲ ಹೊಂದಿಸಬೇಕು. ಎಲ್ಲಕ್ಕಿಂತ ಮುಖ್ಯ, ಹಾರ್ಮೋನಿಯಂ ಮೇಷ್ಟ್ರು. ಎರಡು ಮೂರು ತಿಂಗಳು ಊರಿಗೆ ಬಂದು, ದಿನವಿಡೀ ಹೊಲದಲ್ಲಿ ಕೂಗಿ ಗಂಟಲು ಒಡೆದವರ ಹತ್ತಿರ ರಾಗ ಹೇಳಿಸುವ ಪುಣ್ಯಾತ್ಮ. ನಾಟಕದ ದಿನ ಸ್ಟೇಜಿನ ಪಕ್ಕ ಕೂತು ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಎಲ್ಲರ ತಪ್ಪುಗಳನ್ನೂ ಹಾರ್ಮೋನಿಯಂ ಕೆಳಗೆ ಮುಚ್ಚಿಡುವವರೂ ಅವರೇ.

ನಮ್ಮ ಮೇಷ್ಟ್ರು ಈ ಮೂರೂ ತಾಲ್ಲೂಕಿನಲ್ಲಿ ನಲವತ್ತು ವರ್ಷ ಇದೇ ಕೆಲಸ ಮಾಡಿದವರು. ನಮ್ಮಪ್ಪನಿಗೆ ಕರ್ಣನ ಪಾತ್ರ ಕಲಿಸಿದವರು. ಎರಡು ವರ್ಷದ ಹಿಂದೆ ಅವರಿಗೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಉಚಿತ ಅನ್ನೋದೇನೋ ನಿಜ. ಆದರೆ ಹೋಗಿ ಬರುವ ಆಟೋ, ಇಂಜೆಕ್ಷನ್, ರಕ್ತ ಪರೀಕ್ಷೆ, ಜೊತೆಗೆ ಹೋಗುವವರ ಒಂದು ದಿನದ ಕೂಲಿ ಯಾವುದೂ ಉಚಿತ ಅಲ್ಲ. ಹಾರ್ಮೋನಿಯಂ ನುಡಿಸುವವರಿಗೆ ಪಿಎಫ್ ಇಲ್ಲ, ಇನ್ಶೂರೆನ್ಸ್ ಇಲ್ಲ. ಕಾಯಿಲೆ ಬಿದ್ದ ಮೇಲೆ ನಾಟಕದ ಬುಕಿಂಗೂ ಇಲ್ಲ.

ಅಪ್ಪ ಫೋನ್ ಮಾಡಿ ವಿಷಯ ಹೇಳಿದಾಗ ನಾನು ತಕ್ಷಣ ಕೇಳಿದ್ದು ಮೇಷ್ಟ್ರ ಮಗನ ಫೋನ್‌ಪೇ ನಂಬರ್. ಅಪ್ಪ, "ದುಡ್ಡು ಬೇಡ, ಪಾತ್ರ ಮಾಡು. ಕಮಿಟಿಯವರು ಕುರುಕ್ಷೇತ್ರ ಆಡಿಸ್ತಿದ್ದಾರೆ. ಅಭಿಮನ್ಯುಗೆ ಜನ ಇಲ್ಲ" ಅಂದರು.

ಇಂಜಿನಿಯರ್ ತಲೆ ಸುಮ್ಮನಿರುತ್ತಾ? ಎಕ್ಸೆಲ್ ತೆಗೆದು ಕೂತೆ. ಎಲ್ಲ ಸೇರಿ ನಾಟಕಕ್ಕೆ ಎರಡು ಲಕ್ಷದ ಹತ್ತಿರ ಖರ್ಚು. ಅದರಲ್ಲಿ ಮೇಷ್ಟ್ರಿಗೆ ಹೋಗುವುದು ನಲವತ್ತು ಸಾವಿರ ಇರಬಹುದು. ಅದೇ ಎರಡು ಲಕ್ಷವನ್ನು ನೇರವಾಗಿ ಅವರ ಅಕೌಂಟಿಗೆ ಹಾಕಿದರೆ? ವಾಟ್ಸಾಪ್ ಗ್ರೂಪಿನಲ್ಲಿ ಇದನ್ನೇ ಬರೆದೆ, ಸ್ಕ್ರೀನ್‌ಶಾಟ್ ಸಮೇತ. ಒಂದು ಗಂಟೆ ಯಾರೂ ಏನೂ ಹೇಳಲಿಲ್ಲ. ಆಮೇಲೆ ದುರ್ಯೋಧನನ ಪಾತ್ರಧಾರಿ, ನಮ್ಮೂರಿನ ಗೊಬ್ಬರದ ಅಂಗಡಿಯವರು, ಒಂದು ವಾಯ್ಸ್ ಮೆಸೇಜ್ ಹಾಕಿದರು. "ತಮ್ಮಾ, ನಿನ್ ಲೆಕ್ಕ ಸರಿ ಐತೆ. ಆದ್ರೆ ಆ ದುಡ್ಡು ಇಸ್ಕಳಕ್ಕೆ ಮೇಷ್ಟ್ರು ಬಾಗ್ಲು ತೆಗೀಬೇಕಲ್ಲ? ಹೋದ್ ವರ್ಷ ನಾವು ಐದು ಜನ ಕವರ್ ತಗಂಡು ಹೋಗಿದ್ವಿ. ಕಾಪಿ ಕೊಟ್ಟು ಕವರ್ ವಾಪಸ್ ಕೊಟ್ರು. ಕಲಿಸಿದ್ದಕ್ಕೆ ಕೊಡಿ, ತಗತೀನಿ ಅಂದ್ರು."

ನನ್ನ ಎಕ್ಸೆಲ್‌ನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಹಾಗಾಗಿ ಎರಡು ತಿಂಗಳು, ಪ್ರತಿ ಶುಕ್ರವಾರ ರಾತ್ರಿಯ ರೈಲು. ಶನಿವಾರ, ಭಾನುವಾರ ಸಂಜೆ ದೇವಸ್ಥಾನದ ಹಿಂದಿನ ಕೋಣೆಯಲ್ಲಿ ಪ್ರಾಕ್ಟೀಸು. ಉಳಿದ ದಿನ ಮೇಷ್ಟ್ರು ಫೋನಲ್ಲಿ ಹಾಡು ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕ್ಯಾಬ್ ಒಳಗೆ ಕೂತು ನಾನು ಅಭಿಮನ್ಯುವಿನ ಕಂದ ಪದ್ಯ ಗಟ್ಟಿ ಮಾಡಿದ್ದೇನೆ, ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದ. ಮೂವತ್ತು ವರ್ಷ ದಾಟಿ, ಸ್ವಲ್ಪ ಹೊಟ್ಟೆಯೂ ಬಂದಿರುವ ಅಭಿಮನ್ಯು. ಹದಿನಾರರ ಹುಡುಗರು ಊರಲ್ಲಿ ಇಲ್ಲವೆಂದಲ್ಲ, ಇದ್ದಾರೆ. ಅವರು ರೀಲ್ಸ್‌ನಲ್ಲಿ ಚೆನ್ನಾಗಿ ಮಾಡ್ತಾರೆ, ಆದರೆ ಪ್ರಾಕ್ಟೀಸಿಗೆ ಕೂರಲ್ಲ. ಅವರನ್ನು ಬೈಯುವ ಹಕ್ಕು ನನಗಿಲ್ಲ. ನಾನೂ ಹತ್ತು ವರ್ಷ ಹಾಗೇ ಇದ್ದವನು.

ಡಯಾಲಿಸಿಸ್ ಆದ ದಿನ ಮೇಷ್ಟ್ರಿಗೆ ತುಂಬ ಸುಸ್ತು. ಆ ದಿನ ಗೋಡೆಗೆ ಒರಗಿ ಕೂತು ಕೈಬೆರಳಲ್ಲಿ ನೆಲದ ಮೇಲೆ ತಾಳ ಹಾಕುತ್ತಿದ್ದರು. ಅವರ ಶಿಷ್ಯನೊಬ್ಬ ಹಾರ್ಮೋನಿಯಂ ಒತ್ತುತ್ತಿದ್ದ. ಫಿಸ್ಟುಲಾ ಮಾಡಿದ ಎಡಗೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಿರುತ್ತಿದ್ದರು. ಅದೇ ಕೈಯಲ್ಲಿ ತಿದಿ ಒತ್ತುವುದಾದ್ದರಿಂದ ಡಾಕ್ಟರು ಬೇಡ ಅಂದಿದ್ದರು. ಬಾಯಾರಿದರೆ ಒಂದು ಗುಟುಕು ಮಾತ್ರ ನೀರು. ನಾವು ಟೀ ಕುಡಿಯುವಾಗ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದೆವು. ಅದು ಅವರಿಗೆ ಗೊತ್ತಾಗಿ, "ಒಳಗೇ ಕುಡೀರೋ, ವಾಸನೆಗೇನು ಡಾಕ್ಟ್ರು ಬೇಡ ಅಂದಿಲ್ಲ" ಅಂತ ಬೈದರು.

ಪ್ರಾಕ್ಟೀಸಿನ ನಡುವೆ ಒಂದು ಸಂಜೆ ಮೇಷ್ಟ್ರು ಸಾಣೇಹಳ್ಳಿಯ ಮಾತು ತೆಗೆದರು. ಅಜ್ಜಂಪುರದಿಂದ ಹೆಚ್ಚು ದೂರವಿಲ್ಲ, ಜಿಲ್ಲೆ ಮಾತ್ರ ಬೇರೆ. ಚಿತ್ರದುರ್ಗದ ಹೊಸದುರ್ಗ ತಾಲ್ಲೂಕು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಅಲ್ಲಿ 1997ರಲ್ಲಿ 'ಶಿವಸಂಚಾರ' ರೆಪರ್ಟರಿ ಕಟ್ಟಿದರು. ವರ್ಷಕ್ಕೆ ಮೂರು ನಾಟಕ ಸಿದ್ಧ ಮಾಡಿಕೊಂಡು ತಂಡ ಕರ್ನಾಟಕ ಸುತ್ತುತ್ತೆ. ನವೆಂಬರ್ ಮೊದಲ ವಾರದ ನಾಟಕೋತ್ಸವದಲ್ಲಿ ಆ ಗ್ರೀಕ್ ಮಾದರಿಯ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕೂತು ನಾನೂ ಕೆಲವು ನಾಟಕ ನೋಡಿದ್ದೇನೆ. ಪಕ್ಕದಲ್ಲಿ ಕೂತ ಅಜ್ಜಿ ಮೊಮ್ಮಗನಿಗೆ ಕಡಲೆಕಾಯಿ ಬಿಡಿಸಿ ಕೊಡುತ್ತಾ, ಬೆಂಗಳೂರಿನಲ್ಲಿ ನಾನು ಟಿಕೆಟ್ ತೆಗೆದುಕೊಂಡು ನೋಡುವಂಥ ನಾಟಕವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅಲ್ಲಿ ಹೇಳಿದ ಟೈಮಿಗೆ ಶುರು, ಸಂಬಳ ಪಡೆಯುವ ನಟರು, ರಂಗಶಾಲೆ. ಮೇಷ್ಟ್ರಿಗೆ ಅದರ ಮೇಲೆ ಗೌರವ, ಸ್ವಲ್ಪ ಹೊಟ್ಟೆಕಿಚ್ಚು ಕೂಡ. "ಅಲ್ಲಿ ನಟರು ನಾಟಕ ಕಲೀತಾರೆ. ನನ್ ಹತ್ರ ಬರೋರು ಈರುಳ್ಳಿ ಮಾರಿ ಬಂದು ಕಲೀತಾರೆ. ನನ್ ಕಷ್ಟ ಯಾರಿಗೆ ಹೇಳಲಿ" ಅಂದರು. ಎರಡೂ ಬೇಕು ಅಂತ ನನಗನ್ನಿಸುತ್ತೆ. ಒಂದು ಮಠದ ಬೆನ್ನೆಲುಬಿನ ಮೇಲೆ ನಿಂತಿದೆ. ಇನ್ನೊಂದು ಇಂಥ ಹತ್ತಾರು ಮೇಷ್ಟ್ರುಗಳ ಶ್ವಾಸಕೋಶದ ಮೇಲೆ. ಅವರಿಗೆ ವಯಸ್ಸಾಗುತ್ತಿದೆ.

ಒಂದು ಭಾನುವಾರ ಪ್ರಾಕ್ಟೀಸ್ ಇರಲಿಲ್ಲ, ಬೈಕಿನಲ್ಲಿ ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋಗಿ ಬಂದೆ. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿನ ಶಾಸನದ ಸಾಹಿತ್ಯ ಕವಿ ಜನ್ನನದು. ಹೊಯ್ಸಳರ ಶಿಲ್ಪಿ ಮಲ್ಲಿತಮ್ಮ ಕೆಲಸ ಶುರು ಮಾಡಿದ ಕಾಲದ ಗುಡಿಗಳಲ್ಲಿ ಇದೂ ಒಂದು ಅನ್ನುತ್ತಾರೆ. ಹೊರಗೋಡೆಯ ಮೇಲೆ ರಾಮಾಯಣ, ಭಾಗವತ, ಮಹಾಭಾರತದ ಕತೆಗಳನ್ನು ಸಾಲು ಸಾಲಾಗಿ ಕೆತ್ತಿದ್ದಾರೆ. ಬೇಲೂರು, ಹಳೇಬೀಡಿನ ಜನಜಂಗುಳಿ ಇಲ್ಲ, ನಿಧಾನಕ್ಕೆ ನೋಡಬಹುದು. ಮಹಾಭಾರತದ ಫಲಕಗಳ ಮುಂದೆ ಅವತ್ತು ಜಾಸ್ತಿ ಹೊತ್ತು ನಿಂತೆ. ಸ್ವಂತ ಪಾತ್ರ ಹುಡುಕುವ ಚಪಲ, ಇನ್ನೇನು.

ನಾಟಕದ ರಾತ್ರಿ ಒಂಬತ್ತಕ್ಕೆ ಅಂತ ಹೇಳಿ ಹತ್ತೂಮುಕ್ಕಾಲಿಗೆ ಪರದೆ ಎದ್ದಿತು. ಟ್ರ್ಯಾಕ್ಟರ್‌ಗಳಲ್ಲಿ, ಗೂಡ್ಸ್ ಆಟೋಗಳಲ್ಲಿ ಜನ. ಚಾಪೆ, ಕಂಬಳಿ, ಮಂಡಕ್ಕಿ, ಮೆಣಸಿನಕಾಯಿ ಬೋಂಡಾ. ಕೃಷ್ಣ ಬಂದ ಕೂಡಲೇ ಅವನ ಭಾವಮೈದುನರು ಸ್ಟೇಜ್ ಹತ್ತಿ ಹಾರ ಹಾಕಿದರು. ಮೈಕಿನಲ್ಲಿ ಹೆಸರು, ಊರು, ಮೊತ್ತ ಎಲ್ಲ ಘೋಷಣೆ. ಸಂಧಾನದ ನಡುವೆ ಹನ್ನೊಂದು ಹಾರ. ದುರ್ಯೋಧನನ ಕೋಪ ಆರಿ ತಣ್ಣಗಾಗಿ, ಮತ್ತೆ ಬಿಸಿಯಾಗಬೇಕಾಯಿತು. ಸಾಮಾನ್ಯವಾಗಿ ಈ ಹಾರದ ದುಡ್ಡು ಆಯಾ ಪಾತ್ರಧಾರಿಗೆ ಸೇರಬೇಕು. ಆದರೆ ಈ ಸಲ ಪ್ರತಿಯೊಬ್ಬರೂ ಅದನ್ನು ತೆಗೆದುಕೊಂಡು ಹೋಗಿ ಮೇಷ್ಟ್ರ ಹಾರ್ಮೋನಿಯಂ ಮೇಲಿಟ್ಟು ಕಾಲಿಗೆ ನಮಸ್ಕಾರ ಮಾಡಿ ಬರುತ್ತಿದ್ದರು. ಗುರುಕಾಣಿಕೆ. ಅದನ್ನು ಬೇಡ ಅನ್ನಲು ಮೇಷ್ಟ್ರಿಗೆ ದಾರಿಯೇ ಇರಲಿಲ್ಲ. ಇದು ಯಾರ ಐಡಿಯಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಎಲ್ಲರೂ ಗೊಬ್ಬರದ ಅಂಗಡಿ ಕಡೆ ಕೈ ತೋರಿಸ್ತಾರೆ.

ಮೇಷ್ಟ್ರು ಶಿಷ್ಯನಿಗೇ ನುಡಿಸಲು ಬಿಟ್ಟು ಪಕ್ಕದಲ್ಲಿ ಕೂತಿದ್ದರು. ನನ್ನ ಸರದಿ ಬಂದಾಗ ಎರಡೂಮುಕ್ಕಾಲು. ಅರ್ಧ ಜನ ಕಂಬಳಿ ಹೊದ್ದು ಮಲಗಿದ್ದರು. ಮೊದಲ ಎರಡು ಹಾಡು ಹೇಗೋ ಆಯಿತು. ಉತ್ತರೆಯಿಂದ ಬೀಳ್ಕೊಳ್ಳುವ ಮೂರನೇ ಹಾಡಿನಲ್ಲಿ ಶ್ರುತಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಗಂಟಲು ಒಣಗಿ ನಿಂತುಬಿಟ್ಟೆ. ಆಗ ಹಾರ್ಮೋನಿಯಂ ಸದ್ದು ಬದಲಾಯಿತು. ತಿರುಗಿ ನೋಡಿದರೆ ಮೇಷ್ಟ್ರೇ ಮನೆ ಹಿಡಿದಿದ್ದರು. ಶಿಷ್ಯ ತಿದಿ ಒತ್ತುತ್ತಿದ್ದ, ಇವರ ಬಲಗೈ ಬೆರಳು ಮನೆಗಳ ಮೇಲೆ. ನನ್ನ ಸಾಲನ್ನು ಅವರೇ ಸಣ್ಣ ದನಿಯಲ್ಲಿ ಎತ್ತಿಕೊಟ್ಟರು. ಆ ದನಿ ಹಿಡಿದುಕೊಂಡು ಹಾಡು ಮುಗಿಸಿದೆ. ಆಮೇಲೆ ಚಕ್ರವ್ಯೂಹಕ್ಕೆ ಹೋಗಿ ಹೇಳಿದ ಟೈಮಿಗಿಂತ ಇಪ್ಪತ್ತು ನಿಮಿಷ ತಡವಾಗಿ ಸತ್ತೆ. ಅಪ್ಪ ಮುಂದಿನ ಸಾಲಿನಲ್ಲಿ ಕೂತು ವಿಡಿಯೋ ಮಾಡಿದ್ದಾರೆ. ಪೂರ್ತಿ ಹಾಡಿನಲ್ಲಿ ಅವರ ಹೆಬ್ಬೆರಳೇ ಕಾಣುತ್ತೆ.

ಖರ್ಚೆಲ್ಲ ಕಳೆದು ಮೇಷ್ಟ್ರ ಸಂಭಾವನೆ, ಗುರುಕಾಣಿಕೆ ಸೇರಿ ಲಕ್ಷ ದಾಟಿತ್ತು. ನನ್ನ ಎಕ್ಸೆಲ್ ಹೇಳಿದ್ದಕ್ಕಿಂತ ತುಂಬ ಜಾಸ್ತಿ. ಅದೊಂದು ವರ್ಷಕ್ಕೆ ಸಾಕಾಗಬಹುದು, ಸಾಕಾಗದೇ ಇರಬಹುದು.

ಭಾನುವಾರ ರಾತ್ರಿ ಬೀರೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಮುಖದ ಮೇಕಪ್ ಬಣ್ಣ ಕಿವಿ ಹಿಂದೆ ಇನ್ನೂ ಉಳಿದಿತ್ತು. ಮೇಷ್ಟ್ರ ಫೋನ್ ಬಂತು. ಥ್ಯಾಂಕ್ಸ್ ಹೇಳ್ತಾರೇನೋ, ನಾನೇನು ಹೇಳಬೇಕು ಅಂತ ಯೋಚಿಸುತ್ತಾ ಎತ್ತಿದೆ.

"ರೈಲು ಹತ್ತಿದ್ಯಾ? ಆ ಮೂರ್ನೇ ಹಾಡು ಇನ್ನೊಂದ್ಸಲ ರೆಕಾರ್ಡ್ ಮಾಡಿ ಕಳಿಸಿದೀನಿ. ನಾಳೆ ಆಸ್ಪತ್ರೇಲಿ ನಾಲ್ಕು ಗಂಟೆ ಸುಮ್ನೆ ಮಲಗಿರ್ತೀನಿ. ನೀನು ಹಾಡಿ ಕಳ್ಸು, ಕೇಳ್ತೀನಿ" ಅಂದು ಫೋನ್ ಇಟ್ಟರು.