ನಿಲಯದ ಕಾಫಿಪುಡಿ

ರಾಜಾಜಿನಗರದ ನಮ್ಮ ವಿದ್ಯಾರ್ಥಿನಿಲಯಕ್ಕೆ ಕಾಫಿಪುಡಿ ಒದಗಿಸುವವರನ್ನು ಆರಿಸುವ ಹೊಣೆ ಈ ಸಲ ನಮ್ಮ ಪಾಲಿಗೆ ಬಂದಿತು. ಮೂರು ದರಪಟ್ಟಿಗಳು ಬಂದವು. ಎಲ್ಲಕ್ಕಿಂತ ಅಗ್ಗದ್ದರಲ್ಲಿ ಚಿಕೋರಿಯ ಪ್ರಮಾಣವನ್ನೇ ಕಾಣಿಸಿರಲಿಲ್ಲ. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆಯಿರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು ಎಂಬುದು ಕಾನೂನು. ಚಿಕೋರಿ ವಿಷವೇನಲ್ಲ, ಒಂದು ಗಿಡದ ಹುರಿದ ಬೇರು. ಡಿಕಾಕ್ಷನ್ನಿಗೆ ಬಣ್ಣವನ್ನೂ ಮಂದತನವನ್ನೂ ಕೊಡುತ್ತದೆ. ಆದರೆ ದಾನಿಗಳ ಹಣದಿಂದ ಕಾಫಿಯೆಂದು ಬೆಲೆ ತೆತ್ತು ಬೇರನ್ನು ಕೊಳ್ಳುವುದು ನಮಗೆ ಸರಿಕಾಣಲಿಲ್ಲ.

ಅಡುಗೆಯ ಅಮ್ಮನವರು ಮೂರು ಲೋಟ ತಣ್ಣೀರಿನ ಮೇಲೆ ಮೂರೂ ಪುಡಿಗಳನ್ನು ಉದುರಿಸಿದರು. ಕಾಫಿ ತೇಲುತ್ತದೆ; ಚಿಕೋರಿ ಕಂದು ಎಳೆ ಬಿಡುತ್ತ ತಳಕ್ಕಿಳಿಯುತ್ತದೆ. ಅಗ್ಗದ ಪುಡಿಯ ಲೋಟಕ್ಕೆ ನೋಡನೋಡುತ್ತಲೇ ಬಣ್ಣವೇರಿತು. ಆದರೂ ಲೆಕ್ಕ ನೋಡುವ ಹಿರಿಯರು ಒಪ್ಪಲಿಲ್ಲ. "ಹುಡುಗರಿಗೆ ಬಿಸಿಯಾಗಿದ್ದರೆ ಸಾಲದೇ?" ಎಂದರು. ಆ ಮಾತು ನಮ್ಮನ್ನು ನೋಯಿಸಿತು. ತಂದೆತಾಯಿ ನಮ್ಮನ್ನು ನಂಬಿ ಕಳುಹಿಸಿದ ಮಕ್ಕಳಿಗೆ, ನಮ್ಮ ಮನೆಗೆ ಬಂದವರಿಗೆ ಕೊಡುವಂಥದ್ದನ್ನೇ ಕೊಡಬೇಡವೇ?

ಕೊನೆಗೆ ಬಸವೇಶ್ವರನಗರದ ಒಂದು ಅಂಗಡಿಯಿಂದ 80ಕ್ಕೆ 20ರ ಮಿಶ್ರಣವನ್ನು ತರಿಸುವುದೆಂದು ನಿಶ್ಚಯಿಸಿದೆವು. ಬೀಸಿದ ಪುಡಿಯ ಪರಿಮಳ ಬೇಗ ಹಾರಿಹೋಗುವುದರಿಂದ ವಾರಕ್ಕೊಮ್ಮೆ ಹೊಸದಾಗಿ ಬೀಸಿ ಕೊಡಬೇಕೆಂಬ ಕರಾರೂ ಆಯಿತು. ಹೆಚ್ಚಿದ ಖರ್ಚನ್ನು ಸರಿದೂಗಿಸಲು ಸಮಿತಿಯ ಸಭೆಗಳಲ್ಲಿ ಕಾಫಿ ಕೊಡುವುದನ್ನು ನಿಲ್ಲಿಸಿದ್ದೇವೆ. ಹಿರಿಯರು ಅದಕ್ಕೂ ಗೊಣಗುತ್ತಿದ್ದಾರೆ.