ಸದ್ದಿಲ್ಲದ ಕಾರು, ಮಾತಿನ ಬೀದಿ

ಬೆಂಗಳೂರಿನ ಪಡುವಣ ಭಾಗದಲ್ಲಿ, ವಿಜಯನಗರದ ಮಗ್ಗುಲಿಗೇ ಇರುವ ಆರ್‌ಪಿಸಿ ಲೇಔಟಿಗೆ ಹಂಪಿನಗರವೆಂಬ ಇನ್ನೊಂದು ಹೆಸರುಂಟು. ಹೆಸರು ಸಾಮ್ರಾಜ್ಯದ ವೈಭವವನ್ನು ನೆನಪಿಗೆ ತಂದರೂ ಬಡಾವಣೆ ಮಾತ್ರ ಮಧ್ಯಮ ವರ್ಗದ ಸಂಸಾರಗಳದು. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನಗಳು. ನೆಲದಂತಸ್ತಿನಲ್ಲಿ ಮನೆಯ ಯಜಮಾನರು, ಅವರ ತಲೆಯ ಮೇಲೆ ಒಂದೋ ಎರಡೋ ಬಾಡಿಗೆಯ ಸಂಸಾರಗಳು. ಗೇಟಿನ ಹೊರಗೆ ರಂಗೋಲಿ, ಒಳಗೆ ತುಳಸಿಯ ಕುಂಡ, ಅದರ ಪಕ್ಕದಲ್ಲಿ ಒತ್ತಿಕೊಂಡು ನಿಂತ ಎರಡು ಸ್ಕೂಟರು.

ಇಲ್ಲಿನ ಅಡ್ಡರಸ್ತೆಗಳ ಜನರಿಗೆ ಬೆಳಗಿನ ಹೊತ್ತಿನಲ್ಲಿ ಗಡಿಯಾರ ನೋಡುವ ಪ್ರಮೇಯವೇ ಬಾರದು. ಹಾಲಿನವನ ಗಾಡಿ ಗುರುಗುಟ್ಟಿದರೆ ಐದೂವರೆ. ಸೊಪ್ಪಿನವಳ ಕೂಗು ಕೇಳಿದರೆ ಏಳು. ಕಸದ ಆಟೋ ತನ್ನ ಹಾಡನ್ನು ಹಾಡಿಕೊಂಡು ತಿರುವಿಗೆ ಬಂದರೆ ಎಂಟು. ಶಾಲೆಯ ವ್ಯಾನು ಹಾರನ್ ಹಾಕಿದರೆ ಯಾವುದೋ ಮನೆಯ ಮಗುವಿನ ತಿಂಡಿ ಇನ್ನೂ ಮುಗಿದಿಲ್ಲವೆಂದು ಅರ್ಥ. ಹೀಗೆ ವಾಹನಗಳನ್ನು ಕಿವಿಯಿಂದಲೇ ಗುರುತಿಸುವ ಒಂದು ಬೀದಿಗೆ, ೨೦೨೪ರ ಯುಗಾದಿಯ ದಿನಗಳಲ್ಲಿ, ಸದ್ದೇ ಇಲ್ಲದ ಕಾರೊಂದು ಬಂದು ಸೇರಿತು.

ಕಾರು ತಂದವರು ಎರಡನೆಯ ಅಂತಸ್ತಿನ ಬಾಡಿಗೆದಾರರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಹೆಂಡತಿ, ಇಬ್ಬರು ಮಕ್ಕಳು. ವಾಡಿಕೆಯಂತೆ ಹೊಸ ವಾಹನವನ್ನು ಪೂಜೆಗೆಂದು ಮಾರುತಿ ಮಂದಿರಕ್ಕೆ ಕೊಂಡೊಯ್ದರು. ಅರ್ಚಕರು ಕುಂಕುಮವಿಟ್ಟು, ಹಾರ ಹಾಕಿ, ನಾಲ್ಕು ಚಕ್ರಗಳಡಿಗೂ ನಿಂಬೆಹಣ್ಣನ್ನಿರಿಸಿ, “ಇನ್ನು ಸ್ಟಾರ್ಟ್ ಮಾಡಿ” ಎಂದು ಕೈ ತೋರಿಸಿದರು.

“ಆಗಲೇ ಸ್ಟಾರ್ಟ್ ಆಗಿದೆ, ಸ್ವಾಮಿ.”

ಅರ್ಚಕರು ಒಮ್ಮೆ ಕಾರನ್ನೂ ಇನ್ನೊಮ್ಮೆ ಅದರ ಒಡೆಯರನ್ನೂ ನೋಡಿದರು. ಅಷ್ಟರಲ್ಲಿ ಕಾರು ಒಂದು ಮಾತೂ ಆಡದೆ ಮುಂದಕ್ಕೆ ಸರಿದು ನಿಂಬೆಹಣ್ಣುಗಳನ್ನು ಹಿಚುಕಿತು. ಅವರು ಎರಡು ಹೆಜ್ಜೆ ಹಿಂದೆ ಸರಿದು, “ಮುಂದೆ ನಿಲ್ಲುವವರು ಹುಷಾರಾಗಿರಬೇಕಪ್ಪ” ಎಂದು ನಕ್ಕರು. ಆ ಮಾತು ನಗೆಗಾಗಿ ಆಡಿದ್ದಾದರೂ ಅದರಲ್ಲಿ ಸತ್ಯವಿತ್ತೆಂಬುದು ಕೆಲವೇ ದಿನಗಳಲ್ಲಿ ತಿಳಿಯಿತು.

ಬೀದಿಗೆ ಬಂದ ಮೊದಲ ಸಂಜೆಯೇ ಕಾರಿನ ಸುತ್ತ ಸಣ್ಣ ಸಭೆ ಸೇರಿತು. ಹಸಿರು ಫಲಕದ ಮೇಲೆ ಬಿಳಿಯ ಅಕ್ಷರಗಳನ್ನು ಕಂಡ ಒಬ್ಬರು ಇದು ಅರಣ್ಯ ಇಲಾಖೆಯ ಗಾಡಿಯಿರಬೇಕೆಂದರು. ಸ್ವಂತದ ವಿದ್ಯುತ್ ವಾಹನಗಳಿಗೆ ಇಂಥ ಫಲಕವಿರಬೇಕೆಂದು ಕೇಂದ್ರ ಸರ್ಕಾರವು ೨೦೧೮ರಲ್ಲಿಯೇ ನಿಯಮ ಮಾಡಿದೆಯೆಂದು ಕಾರಿನವರು ವಿವರಿಸಬೇಕಾಯಿತು. ಆಮೇಲೆ ಪ್ರಶ್ನೆಗಳ ಸುರಿಮಳೆ. ಒಂದು ಸಲ ಚಾರ್ಜು ಮಾಡಿದರೆ ಎಷ್ಟು ದೂರ? ಬ್ಯಾಟರಿ ಕೆಟ್ಟರೆ ಗತಿಯೇನು? ನಡುದಾರಿಯಲ್ಲಿ ಕರೆಂಟು ಮುಗಿದರೆ ತಳ್ಳಬೇಕೋ? ಮೈಸೂರು ರಸ್ತೆಯನ್ನು ಬಗಲಲ್ಲಿಟ್ಟುಕೊಂಡು ಬದುಕುವ ಈ ಭಾಗದ ಜನರಿಗೆ ಯಾವ ವಾಹನದ ಯೋಗ್ಯತೆಯನ್ನು ಅಳೆಯಲೂ ಒಂದೇ ಅಳತೆಗೋಲು: “ಮೈಸೂರಿಗೆ ಹೋಗುತ್ತದೆಯೇ?” ಹೋಗುತ್ತದೆ, ಒಡೆಯರು ಅಲ್ಲಿ ಊಟ ಮುಗಿಸುವಷ್ಟು ಹೊತ್ತು ಅದಕ್ಕೂ ವೇಗದ ಚಾರ್ಜರಿನಲ್ಲಿ ಉಣಿಸಿದರೆ ಹಿಂದಿರುಗಿಯೂ ಬರುತ್ತದೆ ಎಂಬ ಉತ್ತರ ಬಹುಮಂದಿಗೆ ಸಮಾಧಾನ ತಂದಿತು.

“ಮಳೆಯಲ್ಲಿ ನಿಂತರೆ ಷಾಕ್ ಹೊಡೆಯುವುದಿಲ್ಲವೇ?” ಎಂದು ಹೂವಾಡಗಿತ್ತಿಯೊಬ್ಬಳು ಕೇಳಿದಾಗ ಉತ್ತರ ಕೊಟ್ಟವನು ಎದುರುಮನೆಯ ಹುಡುಗ. “ಅತ್ತಿಗುಪ್ಪೆಯಲ್ಲಿ ತಲೆಯ ಮೇಲೆ ಮೆಟ್ರೋ ಹೋಗುತ್ತದಲ್ಲ, ಅಜ್ಜಿ. ಅದು ನಡೆಯುವುದೂ ಕರೆಂಟಿನಲ್ಲೇ. ಮಳೆಯಲ್ಲಿ ಅದೇನು ನಿಲ್ಲುತ್ತದೆಯೇ?” ಹುಡುಗನ ಮಾತು ಸರಿಯಾಗಿಯೇ ಇತ್ತು. ೨೦೧೫ರ ನವೆಂಬರಿನಲ್ಲಿ ಮೈಸೂರು ರಸ್ತೆಯಿಂದ ಮಾಗಡಿ ರಸ್ತೆಯವರೆಗೆ ಓಡಾಟ ಆರಂಭಿಸಿದ ಆ ರೈಲು, ಹಳಿಗಳ ಪಕ್ಕದ ಮೂರನೆಯ ಹಳಿಯಿಂದ ೭೫೦ ವೋಲ್ಟಿನ ವಿದ್ಯುತ್ತನ್ನು ಹೀರಿಕೊಂಡು ಸಾಗುತ್ತದೆ.

ವಾಸ್ತವವಾಗಿ ಬೆಂಗಳೂರಿಗೆ ವಿದ್ಯುತ್ತೂ ಹೊಸದಲ್ಲ, ವಿದ್ಯುತ್ತಿನ ಕಾರೂ ಹೊಸದಲ್ಲ. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುಚ್ಛಕ್ತಿ ಸುಮಾರು ತೊಂಬತ್ತು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಇನ್ನು ಕಾರಿನ ಮಾತು. ಗಂಟೆಗೆ ನೂರು ಕಿಲೋಮೀಟರಿನ ಎಲ್ಲೆಯನ್ನು ಮೊಟ್ಟಮೊದಲು ದಾಟಿದ್ದು, ೧೮೯೯ರಲ್ಲಿ ಬೆಲ್ಜಿಯಮ್ಮಿನ ಕಾಮಿಲ್ ಜೆನಾಟ್ಸಿ ಓಡಿಸಿದ ವಿದ್ಯುತ್ ಕಾರು. ಪೆಟ್ರೋಲಿನ ಅಬ್ಬರದಲ್ಲಿ ಆ ವಂಶ ಹಿಂದೆ ಬಿದ್ದಿತು. ಒಂದು ಶತಮಾನದ ಬಳಿಕ ಭಾರತದಲ್ಲಿ ಅದಕ್ಕೆ ಮರುಜೀವ ಬಂದದ್ದು ಬೆಂಗಳೂರಿನಲ್ಲಿಯೇ. ಇಲ್ಲಿನ ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಸಂಸ್ಥೆಯೂ ೧೯೯೪ರಲ್ಲಿ ಕೈಗೂಡಿಸಿ ಕಟ್ಟಿದ ಕಂಪನಿಯಿಂದ ೨೦೦೧ರಲ್ಲಿ ‘ರೇವಾ’ ಬೀದಿಗಿಳಿಯಿತು. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು, ಸೀಸ ಮತ್ತು ಆಮ್ಲದ ಬ್ಯಾಟರಿಗಳು. ಪೂರ್ತಿ ಉಂಡರೆ ಸುಮಾರು ಎಂಬತ್ತು ಕಿಲೋಮೀಟರು. ‘ಜಿ-ವಿಜ್’ ಎಂಬ ಹೆಸರಿನಲ್ಲಿ ಅದು ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. ೨೦೧೦ರಲ್ಲಿ ಆ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರದವರ ಕೈ ಸೇರಿತು. ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ್ದೂ ಕರ್ನಾಟಕವೇ, ೨೦೧೭ರಲ್ಲಿ. ಆದರೆ ನೀತಿ ವಿಧಾನಸೌಧದಿಂದ ಹೊರಟು ಒಂದು ಅಡ್ಡರಸ್ತೆಯ ಮೆಟ್ಟಿಲ ಕೆಳಗಿನ ಮೀಟರು ಪೆಟ್ಟಿಗೆಯನ್ನು ತಲುಪಲು ಇನ್ನಷ್ಟು ದಾರಿ ಸವೆಸಬೇಕು.

ಅರ್ಚಕರ ಎಚ್ಚರಿಕೆಯ ಮಾತು ನಿಜವಾದದ್ದು ಒಂದು ಬೆಳಗ್ಗೆ. ಸೊಪ್ಪಿನವಳು ರಸ್ತೆಯ ನಡುವೆ ಬುಟ್ಟಿಯಿಳಿಸಿ, ಬೆನ್ನು ತಿರುಗಿಸಿ, ದಂಟಿನ ಕಟ್ಟನ್ನು ಬಿಡಿಸುತ್ತಿದ್ದಳು. ಹಿಂದಿನಿಂದ ಬಂದ ಕಾರು ಅವಳಿಂದ ಮೊಳ ದೂರದಲ್ಲಿ ನಿಂತಿತು. ತಿರುಗಿ ನೋಡಿದವಳು ಬೆಚ್ಚಿಬಿದ್ದು, “ಏನ್ ಸಾಮಿ, ಬೆಕ್ಕಿನಂಗೆ ಬಂದ್ರಲ್ಲ! ನನ್ನ ಜೀವ ಹೋಗಿದ್ರೆ?” ಎಂದಳು. ಕಾರಿನವರು ನಾಚಿ ಇಳಿದು ಬಂದು ಬಿದ್ದ ಸೊಪ್ಪನ್ನು ಆರಿಸಿಕೊಟ್ಟರು. ಅಲ್ಲಿಂದ ಮುಂದೆ ಅವರು ಒಂದು ಅಭ್ಯಾಸ ಮಾಡಿಕೊಂಡರು. ಬೀದಿಯೊಳಗೆ ಬಂದ ಕೂಡಲೇ ಕಿಟಕಿಯ ಗಾಜನ್ನಿಳಿಸುವರು. ಹಾರನ್ ಒತ್ತಿದರೆ ಗದರಿಸಿದಂತಾಗುತ್ತದೆಂದು, “ಅಮ್ಮಾ, ಸ್ವಲ್ಪ ದಾರಿ” ಎಂದೋ “ಪುಟ್ಟಾ, ಚೆಂಡು ಹಿಡ್ಕೋ” ಎಂದೋ ಬಾಯಿಬಿಟ್ಟು ಹೇಳುವರು. ಹಳೆಯ ಕಾರಿನಲ್ಲಿ ಐದು ವರ್ಷ ಅದೇ ಬೀದಿಯಲ್ಲಿ ಓಡಾಡಿದ್ದರೂ ಅವರ ಧ್ವನಿ ಹೇಗಿದೆಯೆಂದು ಬಹುಮಂದಿಗೆ ಗೊತ್ತಾದದ್ದು ಆಗಲೇ.

ಆದರೆ ಎಲ್ಲಕ್ಕಿಂತ ಕಠಿಣವಾದ ಮಾತು ಆಡಬೇಕಾದದ್ದು ಮನೆಯೊಳಗೇ ಉಳಿದಿತ್ತು. ಪೆಟ್ರೋಲು ಕಾರಿಗೆ ಬಂಕು ಇದ್ದರಾಯಿತು. ವಿದ್ಯುತ್ ಕಾರಿಗೆ ರಾತ್ರಿ ಪಕ್ಕದಲ್ಲೊಂದು ಗೋಡೆ ಬೇಕು, ಗೋಡೆಯಲ್ಲೊಂದು ಪ್ಲಗ್ಗು ಬೇಕು. ಗೋಡೆ ಯಜಮಾನರದು.

ಯಜಮಾನರು ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಹಿರಿಯರು. ೧೯೮೮ರಲ್ಲಿ ಸಾಲ ಮಾಡಿ, ಇಟ್ಟಿಗೆಗೆ ಇಟ್ಟಿಗೆ ಕೂಡಿಸಿ ಕಟ್ಟಿಸಿದ ಮನೆ ಅದು. ವಿಷಯವನ್ನು ಕೇಳಿದೊಡನೆ ಅವರು ತಲೆಯಾಡಿಸಿಬಿಟ್ಟರು. “ನೋಡೀಪ್ಪಾ, ಬ್ಯಾಟರಿ ಗಾಡಿಗಳು ಹೊತ್ತಿ ಉರಿದದ್ದನ್ನು ಟೀವಿಯಲ್ಲಿ ನೋಡಿದ್ದೇನೆ. ರಾತ್ರಿಯಿಡೀ ಇಲ್ಲಿ ಕರೆಂಟು ಹರಿಯುತ್ತಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.” ಅವರ ಶ್ರೀಮತಿಯವರ ಆತಂಕ ಬೇರೆ ಬಗೆಯದು. ೨೦೨೩ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಂತೆ, ೨೦೨೨-೨೩ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತರಷ್ಟು ಸೇರಿಸಿ ಬಂದಷ್ಟು ವಿದ್ಯುತ್ತು ಮನೆಗೆ ಉಚಿತ. ಬಳಕೆ ಇನ್ನೂರು ಯೂನಿಟ್ಟು ದಾಟಿದರೆ ಮಾತ್ರ ಆ ತಿಂಗಳ ಇಡೀ ಬಿಲ್ಲನ್ನು ಕಟ್ಟಬೇಕು. “ನಿಮ್ಮ ಕಾರಿನ ದೆಸೆಯಿಂದ ನಮ್ಮ ಜ್ಯೋತಿ ಆರಿಹೋದರೆ?” ಎಂದು ಅವರು ನೇರವಾಗಿ ಕೇಳಿದರು.

ಆ ಪ್ರಶ್ನೆಗೆ ಲೆಕ್ಕಪತ್ರದವರ ಬಳಿ ಉತ್ತರವಿತ್ತು. ಪ್ರತಿ ಅಂತಸ್ತಿಗೂ ಬೇರೆ ಮೀಟರಿರುವುದರಿಂದ ತಂತಿಯನ್ನು ತಮ್ಮ ಮೀಟರಿನಿಂದಲೇ ಎಳೆಸುವುದಾಗಿ ಹೇಳಿ, ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ತಿಂಗಳಿಗೆ ಆರುನೂರು ಕಿಲೋಮೀಟರು. ಅದಕ್ಕೆ ನಷ್ಟವೂ ಸೇರಿ ಎಂಬತ್ತೈದು ಯೂನಿಟ್ಟು. ಮನೆಯ ಬಳಕೆ ನೂರು. ಒಟ್ಟು ೧೮೫, ಉಚಿತದ ಪಾಲು ೧೧೦ ಕಳೆದರೆ ಉಳಿದ ಎಪ್ಪತ್ತೈದಕ್ಕೆ, ತೆರಿಗೆಯೂ ಸೇರಿ ಯೂನಿಟ್ಟಿಗೆ ಏಳು ರೂಪಾಯಿಯಂತೆ, ಐನೂರ ಚಿಲ್ಲರೆ. ಹಳೆಯ ಕಾರಾದರೆ ಅಷ್ಟೇ ದೂರಕ್ಕೆ ನಲವತ್ತು ಲೀಟರು ಪೆಟ್ರೋಲು, ಅಂದರೆ ನಾಲ್ಕು ಸಾವಿರ. ಅಮ್ಮನವರು ಲೆಕ್ಕವನ್ನು ಎರಡು ಸಲ ಕೂಡಿ ನೋಡಿ ಒಪ್ಪಿದರು. ಯಜಮಾನರು ಒಪ್ಪಲಿಲ್ಲ.

ಮೂರು ವಾರ ಹಾಗೆಯೇ ಕಳೆಯಿತು. ಕೆಲಸದಿಂದ ಬಂದವರು ಸಾರ್ವಜನಿಕ ಚಾರ್ಜರನ್ನು ಹುಡುಕಿಕೊಂಡು ಹೋಗಿ, ಸರದಿ ಕಾದು, ರಾತ್ರಿ ಒಂಬತ್ತರ ಮೇಲೆ ಮನೆ ಸೇರುವರು. ಕಾರನ್ನು ಮಾರಬೇಕು, ಇಲ್ಲವೇ ಮನೆ ಬದಲಿಸಬೇಕು. ಮನೆ ಬದಲಿಸಿದರೆ ಮಕ್ಕಳ ಶಾಲೆ ದೂರವಾಗುವುದು. ಈ ಚರ್ಚೆ ಎರಡನೆಯ ಅಂತಸ್ತಿನಲ್ಲಿ ದಿನವೂ ನಡೆಯತೊಡಗಿತು. ಅದು ಕೆಳಕ್ಕೂ ಕೇಳಿಸಿರಬೇಕು. ಒಂದು ಭಾನುವಾರ ಯಜಮಾನರೇ ಕರೆದು, “ನನ್ನ ಕಣ್ಣೆದುರಿಗೆ ಒಂದು ಸಲ ಹಾಕಿ ನೋಡೋಣ” ಎಂದರು.

ಮೋಟರು ಪಂಪಿನ ಬಳಿಯ ಹದಿನೈದು ಆಂಪಿಯರಿನ ಪ್ಲಗ್ಗಿಗೆ ಕಾರಿನ ತಂತಿಯನ್ನು ಸಿಕ್ಕಿಸಿದರು. ತಂತಿಯ ನಡುವಿನ ಪುಟ್ಟ ಪೆಟ್ಟಿಗೆಯಲ್ಲಿ ಹಸಿರು ದೀಪದ ಬದಲು ಕೆಂಪು ದೀಪ ಹತ್ತಿತು. ಕಾರು ಒಂದು ಹನಿಯನ್ನೂ ಹೀರಲಿಲ್ಲ. “ನಾನು ಹೇಳಲಿಲ್ಲವೇ?” ಎಂಬಂತೆ ಯಜಮಾನರು ನೋಡಿದರು. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನನನ್ನು ಕರೆಸಿದ್ದಾಯಿತು. ಆತ ಬಲ್ಬಿನ ತಂತಿಯನ್ನು ಹಿಡಿದು ಒಂದೊಂದೇ ಪ್ಲಗ್ಗನ್ನು ಪರೀಕ್ಷಿಸುತ್ತ ಮೂರನೆಯ ಅಂತಸ್ತಿನವರೆಗೂ ಹೋಗಿ ಬಂದು, “ತಪ್ಪು ಕಾರಿನದಲ್ಲ ಸಾರ್. ಈ ಮನೆಗೆ ಅರ್ಥಿಂಗೇ ಇಲ್ಲ” ಎಂದ.

ಪ್ಲಗ್ಗಿನ ಮೂರನೆಯ ತೂತು ಬರಿಯ ತೂತಾಗಿತ್ತು. ಉಪಕರಣದಲ್ಲಿ ಎಲ್ಲಿಯಾದರೂ ವಿದ್ಯುತ್ತು ಸೋರಿ ಅದರ ಲೋಹದ ಮೈಗೆ ಬಂದರೆ, ಮುಟ್ಟಿದವರ ದೇಹದ ಮೂಲಕ ಹರಿಯದಂತೆ ಅದನ್ನು ನೆಲಕ್ಕೆ ಕೊಂಡೊಯ್ಯಬೇಕಾದ ತಂತಿ ಅದು. ಮನೆ ಕಟ್ಟಿದಾಗ ಹಾಕಿದ್ದ ತಂತಿ ಯಾವ ಕಾಲದಲ್ಲಿಯೋ ತುಕ್ಕು ಹಿಡಿದು ತುಂಡಾಗಿತ್ತು. ಪಂಪು, ಫ್ರಿಜ್ಜು, ಗೀಸರು ಯಾವುವೂ ಈ ಕೊರತೆಯನ್ನು ಲೆಕ್ಕಿಸದೆ ದುಡಿಯುತ್ತಿದ್ದವು. ನೆಲದ ಸಂಪರ್ಕವಿಲ್ಲದೆ ಉಣ್ಣುವುದಿಲ್ಲವೆಂದು ಹಟ ಹಿಡಿದದ್ದು ಕಾರೊಂದೇ.

ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಮೊದಲ ಅಂತಸ್ತಿನವರು ಬಚ್ಚಲ ಮನೆಯ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಂದು ಎರಡು ಸಲ ದೂರು ಹೇಳಿದ್ದರು. ಚಪ್ಪಲಿ ಹಾಕಿಕೊಳ್ಳಿರೆಂದು ಇವರು ಹೇಳಿ ಕಳುಹಿಸಿದ್ದರು. ಅದೇ ಗೀಸರಿನ ನೀರಿನಲ್ಲಿ ಆ ಮನೆಯ ಮಗು ದಿನವೂ ಸ್ನಾನ ಮಾಡುತ್ತಿತ್ತು.

ಮರುವಾರವೇ ಗೇಟಿನ ಒಳಗೆ, ತುಳಸಿಯ ಕುಂಡದ ಮಗ್ಗುಲಲ್ಲಿ, ಎಂಟು ಅಡಿ ಆಳದ ಗುಂಡಿ ತೋಡಿಸಿದರು. ಕಬ್ಬಿಣದ ಕೊಳವೆಯನ್ನಿಳಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿ, ಅಲ್ಲಿಂದ ಮೂರು ಅಂತಸ್ತಿಗೂ ಹೊಸ ತಂತಿ ಎಳೆಸಿದರು. ವಿದ್ಯುತ್ತು ಸೋರಿದೊಡನೆ ಕಡಿದುಹಾಕುವ ಸ್ವಿಚ್ಚನ್ನೂ ಕೂರಿಸಿದರು. ಅಷ್ಟರ ಖರ್ಚು ಯಜಮಾನರದು. ಮೀಟರಿನಿಂದ ಕಾರಿನವರೆಗಿನ ದಪ್ಪ ತಂತಿ, ಪ್ರತ್ಯೇಕ ಸ್ವಿಚ್ಚು, ಹೆಚ್ಚಿನ ಲೋಡಿಗಾಗಿ ಬೆಸ್ಕಾಮಿಗೆ ಅರ್ಜಿ ಇವೆಲ್ಲ ಬಾಡಿಗೆದಾರರ ಪಾಲು. ಆ ರಾತ್ರಿ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಯಜಮಾನರು ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ ಎದ್ದು ಬಂದು ಪ್ಲಗ್ಗನ್ನು ಮುಟ್ಟಿ ನೋಡಿದರಂತೆ. ಮೂರನೆಯ ರಾತ್ರಿಯಿಂದ ನಿದ್ದೆ ಮಾಡಿದರು.

ಸುದ್ದಿ ಬೀದಿಯಲ್ಲಿ ಹಬ್ಬಿದ ಮೇಲೆ ಎಲೆಕ್ಟ್ರಿಷಿಯನ್ನನಿಗೆ ಬಿಡುವಿಲ್ಲದಾಯಿತು. ಇನ್ನೂ ಮೂರು ಮನೆಗಳಲ್ಲಿ ಮೂರನೆಯ ತೂತು ಬರಿಯ ತೂತೆಂಬುದು ಗೊತ್ತಾಗಿ, ಅಲ್ಲಿಯೂ ಗುಂಡಿಗಳು ತೋಡಲ್ಪಟ್ಟವು. ಆ ಮೂರು ಮನೆಗಳಲ್ಲಿ ಯಾರ ಬಳಿಯೂ ವಿದ್ಯುತ್ ಕಾರಿಲ್ಲ.

ಬೇಸಗೆಯಲ್ಲಿ ನೆಲ ಒಣಗಿದರೆ ಅರ್ಥಿಂಗ್ ಸೊರಗುತ್ತದೆ, ಆಗಾಗ ನೀರು ಹುಯ್ಯಬೇಕೆಂದು ಎಲೆಕ್ಟ್ರಿಷಿಯನ್ ಹೇಳಿಹೋಗಿದ್ದ. ಆ ಕೆಲಸವನ್ನು ಅಮ್ಮನವರು ತಾವೇ ವಹಿಸಿಕೊಂಡರು. ಬೆಳಗ್ಗೆ ತುಳಸಿಗೆ ನೀರೆರೆದು, ಚೊಂಬಿನಲ್ಲಿ ಉಳಿದದ್ದನ್ನು ಪಕ್ಕದ ಗುಂಡಿಗೆ ಹುಯ್ಯುವರು. ಹಿಂದಿನಿಂದ ಕಾರು ಸದ್ದಿಲ್ಲದೆ ಗೇಟಿನತ್ತ ಹೊರಳುತ್ತದೆ. “ಅಮ್ಮಾ, ಹೋಗಿಬರುತ್ತೇನೆ” ಎಂಬ ಧ್ವನಿ ಕಿಟಕಿಯಿಂದ ಕೇಳಿ ಅವರು ಒಂದು ಹೆಜ್ಜೆ ಸರಿದು ದಾರಿ ಬಿಡುತ್ತಾರೆ. ಬೀದಿಯ ಗಡಿಯಾರಕ್ಕೆ ಈಗ ಅದೂ ಒಂದು ಗುರುತು: ಎಂಟೂಕಾಲು.